ನೋಯಿಸಿದವರಿಗೆ ನೆರವು ನಿಲ್ಲಿಸಬೇಕೇ?

ಕುಟುಂಬದವರೊಬ್ಬರು ನಮ್ಮ ಮನೆಯ ಬಗ್ಗೆ ಇಲ್ಲಸಲ್ಲದ್ದು ಹೇಳಿದರು ಅಂತ ಕಿವಿಗೆ ಬಿದ್ದರೆ ಸಾಕು, ಮೊದಲು ಮಾತು ನಿಲ್ಲುತ್ತದೆ. ಆಮೇಲೆ ಮದುವೆಗೆ ಕರೆಯುವುದು ನಿಲ್ಲುತ್ತದೆ. ಗಲ್ಫ್‌ನಿಂದ ತಿಂಗಳು ತಿಂಗಳು ಬರುತ್ತಿದ್ದ ಸಹಾಯವೂ ನಿಲ್ಲುತ್ತದೆ. "ನಮ್ಮಿಂದ ತಗೊಂಡು ನಮಗೇ ಹೀಗೆ ಮಾಡಿದ್ರಲ್ಲಾ" ಎಂಬ ನೋವು ಸಣ್ಣದಲ್ಲ.

ಈ ನೋವು ಅಬೂಬಕರ್ ಸಿದ್ದೀಕ್(ರ) ಅವರಿಗೂ ಆಗಿತ್ತು. ಮಗಳು ಆಯಿಶಾ(ರ) ಅವರ ಮೇಲೆ ಮದೀನಾದಲ್ಲಿ ಹಬ್ಬಿದ ಅಪವಾದದ ಮಾತಿನಲ್ಲಿ ಮಿಸ್ತಹ್(ರ) ಕೂಡ ಸೇರಿಕೊಂಡಿದ್ದರು. ಅವರು ಬಡ ಸಂಬಂಧಿ. ಅವರ ಖರ್ಚು ನೋಡಿಕೊಳ್ಳುತ್ತಿದ್ದವರು ಅಬೂಬಕರ್(ರ) ಅವರೇ. ಇನ್ನು ಏನೂ ಕೊಡುವುದಿಲ್ಲವೆಂದು ಅವರು ಆಣೆ ಹಾಕಿದರು. ಆಗ ಅನ್ನೂರ್ ಅಧ್ಯಾಯದ 22ನೇ ಸೂಕ್ತ ಅವತೀರ್ಣವಾಯಿತು. ಅನುಕೂಲವುಳ್ಳವರು ಬಂಧುಗಳಿಗೆ ಕೊಡೆವೆಂದು ಆಣೆ ಹಾಕಬಾರದು, ಕ್ಷಮಿಸಬೇಕು ಎಂದು ಅದು ಕಲಿಸಿತು. ಅವರು ಸಹಾಯವನ್ನು ಮತ್ತೆ ಶುರು ಮಾಡಿದರು.

ಹಾಗಂತ ಕುರ್‌ಆನ್ ತಪ್ಪನ್ನು ಮುಚ್ಚಿಹಾಕಲಿಲ್ಲ. ಸುಳ್ಳನ್ನು ಸುಳ್ಳೆಂದೇ ಹೇಳಿತು, ಆಯಿಶಾ(ರ) ಅವರು ನಿರಪರಾಧಿ ಎಂದು ಸಾರಿತು. ಆದ್ದರಿಂದ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಿ ಎಂದು ಇದರ ಅರ್ಥವಲ್ಲ. ನೋಯಿಸಿದವರಿಗೆ ಎದುರಲ್ಲೇ ಹೇಳಿ. ಬೇಕಿದ್ದರೆ ಜಮಾಅತ್‌ನ ಹಿರಿಯರನ್ನು ಕೂರಿಸಿ ಮಾತಾಡಿ. ಊರೆಲ್ಲ ಹೇಳಿಕೊಂಡು ಬರುವುದು, ಫ್ಯಾಮಿಲಿ ಗ್ರೂಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕುವುದು ಬೇಡ.

ಕುಸ್ತಿಯಲ್ಲಿ ಗೆದ್ದವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿದುಕೊಂಡವನೇ ಬಲಶಾಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ದೊಡ್ಡವರ ಜಗಳದಲ್ಲಿ ಆ ಮನೆಯ ಮಕ್ಕಳ ಫೀಸು, ವಯಸ್ಸಾದ ಉಮ್ಮನ ಮದ್ದಿನ ದುಡ್ಡು ನಿಂತುಹೋಗಿದ್ದರೆ, ಈ ತಿಂಗಳೇ ಮತ್ತೆ ಕೊಡಲು ಶುರು ಮಾಡೋಣ.