ನೂರ್ ಎಂದರೆ ಹುಡುಗನೋ, ಹುಡುಗಿಯೋ?

ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಹೆಸರಿನ ಚರ್ಚೆ ಶುರುವಾಗುತ್ತದೆ. ಕಿವಿಯಲ್ಲಿ ಬಾಂಗ್ ಕೊಟ್ಟಾಗುವುದರೊಳಗೆ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹತ್ತಿಪ್ಪತ್ತು ಹೆಸರುಗಳು ಬಂದು ಬಿದ್ದಿರುತ್ತವೆ. ದುಬೈಯಲ್ಲಿರುವ ಮಾವನದ್ದು ಒಂದು, ದಮ್ಮಾಮಿನಲ್ಲಿರುವ ಅಣ್ಣನದ್ದು ಇನ್ನೊಂದು, ಅಜ್ಜಿಯ ಮನಸ್ಸಿನಲ್ಲಿರುವುದು ಮತ್ತೊಂದು. ಈ ಪಟ್ಟಿಯಲ್ಲಿ ಗಂಡು ಮಗುವಿಗೆಂದು ಯಾರಾದರೂ ನೂರ್, ನಸೀಮ್, ಶಮೀಮ್, ಕೌಸರ್, ಫಿರ್ದೌಸ್ ಎಂದು ಬರೆದರೆ ಒಂದು ಮಾತು ಬಂದೇ ಬರುತ್ತದೆ: “ಅದು ಹುಡುಗಿಯ ಹೆಸರಲ್ವಾ? ಇವನಿಗೆ ಎಂತಕ್ಕೆ?” ಅಲ್ಲಿಗೆ ಆ ಹೆಸರು ಪಟ್ಟಿಯಿಂದ ಹೊರಗೆ.

ಇಷ್ಟು ಬೇಗ ಹೊರಗೆ ಹಾಕುವಂಥದ್ದು ಆ ಹೆಸರುಗಳಲ್ಲಿ ಏನುಂಟು ಎಂದು ಒಮ್ಮೆ ಕೂತು ಯೋಚಿಸಬೇಕು ಎಂದು ನನಗೆ ಕಾಣುತ್ತದೆ.

ಮೊದಲು ಭಾಷೆಯ ವಿಷಯ. ಅರಬಿಯಲ್ಲಿ ಗುಣವನ್ನು ಹೇಳುವ ಪದಗಳಿಗೆ ಜೋಡಿ ಉಂಟು. ಗಂಡಿಗೆ ಜಮೀಲ್, ಹೆಣ್ಣಿಗೆ ಜಮೀಲಾ. ಕರೀಮ್-ಕರೀಮಾ, ಸಲೀಮ್-ಸಲೀಮಾ, ಶರೀಫ್-ಶರೀಫಾ ಎಲ್ಲ ಇದೇ ಲೆಕ್ಕದವು. ಆದರೆ ನೂರ್ ಎಂದರೆ ಬೆಳಕು. ನಸೀಮ್ ಎಂದರೆ ತಂಗಾಳಿ. ನುಸ್ರತ್ ಎಂದರೆ ಸಹಾಯ. ಕೌಸರ್, ಫಿರ್ದೌಸ್ ಎರಡೂ ಸ್ವರ್ಗಕ್ಕೆ ಸಂಬಂಧಪಟ್ಟ ಹೆಸರುಗಳು. ಇವು ಯಾರದೋ ಗುಣವನ್ನು ಹೇಳುವ ಪದಗಳಲ್ಲ, ಒಂದೊಂದು ವಸ್ತುವಿನ, ಭಾವದ ಹೆಸರುಗಳು. ಬೆಳಕಿಗೆ ಗಂಡು ಬೆಳಕು, ಹೆಣ್ಣು ಬೆಳಕು ಎಂದುಂಟಾ? ಇನ್ನು ಪರ್ಷಿಯನ್ ಭಾಷೆಯಲ್ಲಂತೂ ವ್ಯಾಕರಣದಲ್ಲೇ ಲಿಂಗಭೇದವಿಲ್ಲ. ಅವನು, ಅವಳು ಎರಡಕ್ಕೂ ಅಲ್ಲಿ ಒಂದೇ ಪದ. ಹಾಗಾಗಿ ಸೂರ್ಯ ಎಂಬ ಅರ್ಥದ ಖುರ್ಷಿದ್‌ನಂಥ ಹೆಸರನ್ನು ಅಲ್ಲಿ ಯಾರಿಗೆ ಬೇಕಾದರೂ ಇಟ್ಟರು. ಮುಮ್ತಾಝ್ ಅರಬಿ ಮೂಲದ ಪದವಾದರೂ ಪರ್ಷಿಯನ್, ಉರ್ದು ದಾರಿಯಲ್ಲಿ ನಮ್ಮ ಕಡೆಗೆ ಬರುವಾಗ ಗಂಡಿಗೂ ಆಯಿತು, ಹೆಣ್ಣಿಗೂ ಆಯಿತು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1991ರಿಂದ 1999ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು ಖುರ್ಷಿದ್ ಆಲಂ ಖಾನ್. 1943ರ ‘ತಾನ್‌ಸೇನ್’ ಸಿನಿಮಾದಲ್ಲಿ ಸೈಗಲ್ ಜೊತೆ ನಟಿಸಿ ಹಾಡಿದವರೂ ಖುರ್ಷಿದ್, ಅವರು ಹೆಂಗಸು. ತಾಜ್‌ಮಹಲಿನ ಮುಮ್ತಾಝ್ ಎಲ್ಲರಿಗೂ ಗೊತ್ತು, ನಮ್ಮದೇ ರಾಜ್ಯದಲ್ಲಿ ಮಂತ್ರಿಯಾಗಿದ್ದ ಮುಮ್ತಾಝ್ ಅಲಿ ಖಾನರೂ ಗೊತ್ತು. ಕವ್ವಾಲಿಯ ನುಸ್ರತ್ ಫತೇ ಅಲಿ ಖಾನ್ ಗಂಡಸು, ಬೆನಝೀರ್ ಭುಟ್ಟೋ ಅವರ ತಾಯಿ ನುಸ್ರತ್ ಭುಟ್ಟೋ. ಸಾಯಿರಾ ಬಾನು ಅವರ ತಾಯಿ ನಸೀಮ್ ಬಾನು, ಪಾಕಿಸ್ತಾನದ ವೇಗದ ಬೌಲರ್ ನಸೀಮ್ ಷಾ. ಐಪಿಎಲ್ ನೋಡುವ ಮಕ್ಕಳಿಗೆ ಅಫ್ಘಾನಿಸ್ತಾನದ ಸ್ಪಿನ್ನರ್ ನೂರ್ ಅಹ್ಮದ್ ಗೊತ್ತಿರುತ್ತದೆ. ಚರಿತ್ರೆ ಓದಿದವರಿಗೆ ನೂರ್ ಜಹಾನ್ ಗೊತ್ತಿರುತ್ತದೆ. ಇವರಲ್ಲಿ ಯಾರ ಹೆಸರೂ ಇನ್ನೊಬ್ಬರ ಹೆಸರನ್ನು ಕಸಿದುಕೊಂಡದ್ದಲ್ಲ.

“ಅದೆಲ್ಲ ಸಿನಿಮಾ, ಕ್ರಿಕೆಟಿನ ಮಾತು, ದೀನಿನಲ್ಲಿ ಎಂತ ಉಂಟು ಹೇಳಿ” ಎನ್ನುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಪ್ರವಾದಿ (ಸ) ಅವರ ಸೇವೆಯಲ್ಲಿದ್ದ ಅಸ್ಲಂ ಗೋತ್ರದ ಇಬ್ಬರು ಅಣ್ಣತಮ್ಮಂದಿರ ಹೆಸರು ಅಸ್ಮಾ ಮತ್ತು ಹಿಂದ್. ಹೌದು, ಅಸ್ಮಾ ಬಿನ್ ಹಾರಿಸಾ ಮತ್ತು ಹಿಂದ್ ಬಿನ್ ಹಾರಿಸಾ. ಇವತ್ತು ನಮ್ಮ ಯಾವ ಮದ್ರಸದಲ್ಲಾದರೂ ಅಸ್ಮಾ ಎಂದು ಕರೆದರೆ ಹುಡುಗಿಯೇ ಎದ್ದು ನಿಲ್ಲುವುದು. ಅಬೂಬಕರ್ (ರ) ಅವರ ಮಗಳು ಅಸ್ಮಾ (ರ) ನಮಗೆಲ್ಲ ಪರಿಚಿತರಲ್ಲವೇ. ಉಮ್ಮು ಸಲಮಾ (ರ) ಅವರ ಸ್ವಂತ ಹೆಸರು ಹಿಂದ್. ಖದೀಜಾ (ರ) ಅವರ ಮೊದಲಿನ ಮದುವೆಯ ಮಗನ ಹೆಸರೂ ಹಿಂದ್. ಪ್ರವಾದಿಯವರು ನೋಡಲು ಹೇಗಿದ್ದರು ಎಂಬುದನ್ನು ಮೊಮ್ಮಗ ಹಸನ್ (ರ) ಅವರಿಗೆ ವಿವರವಾಗಿ ಹೇಳಿದವರು ಈ ಹಿಂದ್ ಬಿನ್ ಅಬೀ ಹಾಲಾ. ಅಷ್ಟೇ ಅಲ್ಲ, ಹಂಝ, ತಲ್ಹ, ಉಸಾಮ ಎಂಬ ಹೆಸರುಗಳನ್ನು ಅರಬಿಯಲ್ಲಿ ಬರೆಯುವಾಗ ಕೊನೆಯಲ್ಲಿ ಬರುವುದು ಸಾಮಾನ್ಯವಾಗಿ ಸ್ತ್ರೀಲಿಂಗಕ್ಕೆ ಬರುವ ಅಕ್ಷರವೇ. ಹಂಝ (ರ) ಅವರ ಶೌರ್ಯಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಪ್ರವಾದಿ (ಸ) ಹೆಸರುಗಳನ್ನು ಬದಲಿಸಿದ್ದೂ ಉಂಟು. ‘ಮಾತು ಕೇಳದವಳು’ ಎಂಬ ಅರ್ಥ ಬರುತ್ತಿದ್ದ ಆಸಿಯಾ ಎಂಬ ಹೆಸರನ್ನು ಜಮೀಲಾ ಎಂದು ಮಾಡಿದರು. (ಫಿರ್‌ಔನನ ಹೆಂಡತಿ ಆಸಿಯಾ ಅವರ ಹೆಸರು ಬೇರೆ ಪದ, ಅರಬಿಯಲ್ಲಿ ಅಕ್ಷರವೇ ಬೇರೆ.) ತನ್ನನ್ನು ತಾನೇ ಹೊಗಳಿಕೊಂಡಂತೆ ಆಗುತ್ತಿದ್ದ ಬರ್‍ರಾ ಎಂಬ ಹೆಸರನ್ನು ಝೈನಬ್ ಎಂದು ಬದಲಿಸಿದರು. ‘ಒರಟು’ ಎಂಬ ಅರ್ಥದ ಹಝ್ನ್ ಎಂಬ ಹೆಸರಿದ್ದವರಿಗೆ ಸಹ್ಲ್ ಎಂದು ಇಟ್ಟುಕೊಳ್ಳಲು ಹೇಳಿದರು. ಎಲ್ಲ ಕಡೆಯೂ ಅವರು ನೋಡಿದ್ದು ಅರ್ಥವನ್ನು. ಹೆಸರು ಕೇಳಿದ ಕೂಡಲೇ ಗಂಡೋ ಹೆಣ್ಣೋ ಗೊತ್ತಾಗಬೇಕು ಎಂಬುದು ಅಲ್ಲಿ ವಿಷಯವೇ ಆಗಿರಲಿಲ್ಲ. ಒಂದು ಊರಿನಲ್ಲಿ ಹೆಣ್ಣಿಗೆ ಮಾತ್ರ ಬಳಕೆಯಲ್ಲಿರುವ ಹೆಸರನ್ನು ಬೇಕೆಂದೇ ಗಂಡಿಗೆ ಇಡಿ ಎಂದು ನಾನು ಹೇಳುತ್ತಿಲ್ಲ. ಸಂಶಯ ಇದ್ದರೆ ಜಮಾಅತಿನ ಉಸ್ತಾದರನ್ನು ಕೇಳಿ. ಇಬ್ಬರಿಗೂ ಸಲ್ಲುವ ಹೆಸರನ್ನು ಒಬ್ಬರಿಗೆ ಮಾತ್ರ ಎಂದು ಬೇಲಿ ಹಾಕುವುದು ಬೇಡ ಎಂಬುದಷ್ಟೇ ನನ್ನ ಮಾತು.

ನಮ್ಮ ಬ್ಯಾರಿಗಳ ಹಳೆಯ ಹೆಸರುಗಳಲ್ಲಿ ಈ ಗೊಂದಲ ಕಡಿಮೆ ಇತ್ತು. ಹೆಂಗಸರಿಗೆ ಪಾತುಮ್ಮ, ಐಸಮ್ಮ, ಅವ್ವಮ್ಮ, ನೆಬಿಸ. ಗಂಡಸರಿಗೆ ಮೊಯ್ದಿನ್, ಪೋಕರ್, ಹಸೈನಾರ್. ಹೆಸರಿನ ಬಾಲ ಕೇಳಿದರೆ ಸಾಕು, ಯಾರೆಂದು ಗೊತ್ತಾಗುತ್ತಿತ್ತು. ಆದರೂ ಆ ಕಾಲದಲ್ಲೇ ಒಂದು ಪದ ಇಬ್ಬರಿಗೂ ಸೇರಿತ್ತು: ಕುಂಞಿ. ಚಿಕ್ಕದು, ಮಗು ಎಂದು ಅರ್ಥ. ಮೊಯ್ದಿನ್ ಕುಂಞಿಯೂ ಉಂಟು, ಕುಂಞಿಬೀಯೂ ಉಂಟು. ಎಪ್ಪತ್ತು ವರ್ಷದ ಹಾಜಿಯವರನ್ನೂ ಕುಂಞಿ ಎಂದು ಕರೆದು ಅಭ್ಯಾಸ ಇರುವ ನಮಗೆ ‘ನೂರ್’ ಯಾಕೆ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು?

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಹೆಣ್ಣು ಮಗುವಿಗೆ ನಸೀಮ್ ಎಂದಿಟ್ಟರೆ ಯಾರೂ ತಕರಾರು ಮಾಡುವುದಿಲ್ಲ. “ಅದು ಗಂಡಸರ ಹೆಸರು, ಬೇಡ” ಎಂದು ಹೇಳುವವರು ಅಪರೂಪ. ತಕರಾರು ಬರುವುದು ಗಂಡು ಮಗುವಿಗೆ ಇಟ್ಟಾಗ ಮಾತ್ರ. ಒಮ್ಮೆ ಹುಡುಗಿಯರು ಒಂದು ಹೆಸರನ್ನು ಬಳಸಲು ಶುರು ಮಾಡಿದರೆ ಹುಡುಗರ ಮನೆಯವರು ನಿಧಾನಕ್ಕೆ ಅದನ್ನು ಬಿಟ್ಟುಬಿಡುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲಿಷರಲ್ಲಿ ಲೆಸ್ಲಿ, ಆಶ್ಲಿ ಮೊದಲು ಗಂಡಸರ ಹೆಸರುಗಳೇ ಆಗಿದ್ದವು. ಹೆಣ್ಣುಮಕ್ಕಳಿಗೆ ಇಡುವುದು ಹೆಚ್ಚಾದ ಮೇಲೆ ಗಂಡುಮಕ್ಕಳಿಗೆ ಇಡುವುದು ಕಡಿಮೆಯಾಯಿತು. ಅಂದರೆ ಹೆಸರಿನ ಅರ್ಥ ಹಾಳಾಗಲಿಲ್ಲ, ಅಂದವೂ ಕಡಿಮೆಯಾಗಲಿಲ್ಲ. ಹೆಣ್ಣು ಮುಟ್ಟಿದ್ದಕ್ಕೆ ಅದು ಗಂಡಿಗೆ ಬೇಡವಾಯಿತು.

ನಮ್ಮ ಕಡೆಯ ಒಬ್ಬ ಹುಡುಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರುವುದರೊಳಗೆ ತನ್ನ ಹೆಸರು ಬದಲಿಸಿ ಕೊಡಿ ಎಂದು ಬಾಪನ ಹಿಂದೆ ಬಿದ್ದಿದ್ದ. ತೀರಿಹೋದ ಅಜ್ಜ ಆಸೆಪಟ್ಟು ಇಟ್ಟ ಹೆಸರದು. ತರಗತಿಯಲ್ಲಿ ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಹುಡುಗಿಯ ಧ್ವನಿ ಮಾಡಿ “ಪ್ರೆಸೆಂಟ್ ಮಿಸ್” ಎನ್ನುತ್ತಿದ್ದರಂತೆ. ಮನೆಯವರು ಅವನಿಗೆ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಅವನ ತಪ್ಪೇನೂ ಇಲ್ಲ. ‘ಹೆಣ್ಣಿನ ಹಾಗೆ’ ಎಂಬುದು ಬೈಗಳು ಎಂದು ಅವನಿಗೆ ಕಲಿಸಿದವರು ನಾವೇ, ದೊಡ್ಡವರು. ಅಳುವ ಹುಡುಗನಿಗೆ “ಎಂತ ಹೆಣ್ಣಿನ ಹಾಗೆ ಅಳುವುದು” ಎಂದು ನಮ್ಮ ಮನೆಗಳಲ್ಲಿ ಹೇಳುವುದಿಲ್ಲವೇ? ಆ ಮಾತು ಅದೇ ಮನೆಯಲ್ಲಿರುವ ತಂಗಿಯ ಕಿವಿಗೂ ಬೀಳುತ್ತದೆ. ತನ್ನ ಹೆಸರು ಅಣ್ಣನಿಗೆ ಬಂದರೆ ಅಣ್ಣನಿಗೆ ಮರ್ಯಾದೆ ಹೋಗುತ್ತದೆ ಎಂದು ತಿಳಿದು ಬೆಳೆಯುವ ಹುಡುಗಿ ತನ್ನ ಬಗ್ಗೆ ಎಂತ ಅಂದುಕೊಂಡಾಳು?

ಮರ್ಯಮರ ಮಗ ಈಸಾ ಎಂದು ಒಬ್ಬ ಪ್ರವಾದಿಯನ್ನು ತಾಯಿಯ ಹೆಸರಿನೊಂದಿಗೆ ಕರೆದ ಗ್ರಂಥವನ್ನು ಓದುವವರು ನಾವು. ಬಾಂಗ್ ಕೊಡುತ್ತಿದ್ದ ಅಂಧ ಸಹಾಬಿಯೊಬ್ಬರನ್ನು ಇಂದಿಗೂ ಇಬ್ನು ಉಮ್ಮು ಮಕ್ತೂಮ್, ಅಂದರೆ ಉಮ್ಮು ಮಕ್ತೂಮರ ಮಗ ಎಂದೇ ನೆನೆಯುತ್ತೇವೆ. ತಾಯಿಯ ಹೆಸರಿನಿಂದ ಗುರುತಿಸಿಕೊಳ್ಳುವುದರಲ್ಲಿ ಅವರಿಗೆ ಕೀಳರಿಮೆ ಇರಲಿಲ್ಲ. ನಮ್ಮಲ್ಲಿ ಮಾತ್ರ ಕೆಲವು ಮದುವೆ ಕಾಗದಗಳಲ್ಲಿ ‘ದ್ವಿತೀಯ ಪುತ್ರಿ’ ಎಂದಷ್ಟೇ ಇರುತ್ತದೆ, ವಧುವಿನ ಹೆಸರೇ ಇರುವುದಿಲ್ಲ. ಹೆಣ್ಣಿನ ಹೆಸರನ್ನು ಅಡಗಿಸಿಡುವ ಅಭ್ಯಾಸ ಒಂದು ಕಡೆ, ಆ ಹೆಸರು ಗಂಡಿಗೆ ತಾಗಿದರೆ ನಗುವ ಅಭ್ಯಾಸ ಇನ್ನೊಂದು ಕಡೆ. ಎರಡರ ಬೇರೂ ಒಂದೇ.

ಇನ್ನು ಕಾಗದಪತ್ರದ ತೊಂದರೆ. ಇದನ್ನು ಹೇಳುವವರ ಮಾತಿನಲ್ಲಿ ಸತ್ಯ ಉಂಟು. ಅರ್ಜಿ ತುಂಬುವವರು ಹೆಸರು ನೋಡಿ ಅಂದಾಜಿನಲ್ಲಿ ಗಂಡು ಅಥವಾ ಹೆಣ್ಣು ಎಂದು ಹಾಕಿಬಿಡುವುದುಂಟು. ಹೆಂಗಸಿನ ದಾಖಲೆಯಲ್ಲಿ ಗಂಡು ಎಂದಾದರೆ ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ಅಲೆಯಬೇಕಾದೀತು, ಬಸ್ಸಿನ ಉಚಿತ ಟಿಕೆಟಿಗೂ ವಿವರಣೆ ಕೊಡಬೇಕಾದೀತು. ಆದರೆ ಇದಕ್ಕೆ ಮದ್ದು ಹೆಸರು ಬದಲಿಸುವುದಲ್ಲ, ಮೊದಲ ದಿನವೇ ಜಾಗ್ರತೆ ಮಾಡುವುದು.

ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿಯಾಗಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟ್, ಮತದಾರರ ಪಟ್ಟಿ, ಮದುವೆ ನೋಂದಣಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಪ್ರಮಾಣಪತ್ರ ಕೈಗೆ ಬಂದ ದಿನವೇ ಹೆಸರಿನ ಅಕ್ಷರ, ಲಿಂಗದ ಕಾಲಂ, ತಂದೆ ತಾಯಿಯ ಹೆಸರು ಮೂರನ್ನೂ ಓದಿ ನೋಡಿ. ಹೆಸರು ತೀರ್ಮಾನವಾಗದಿದ್ದರೆ ಗಡಿಬಿಡಿ ಬೇಡ. 21 ದಿನದೊಳಗೆ ಜನನವನ್ನು ನೋಂದಾಯಿಸಿ ಹೆಸರನ್ನು ಆಮೇಲೆ ಸೇರಿಸಬಹುದು, ಒಂದು ವರ್ಷದೊಳಗಾದರೆ ಅದಕ್ಕೆ ಶುಲ್ಕವಿಲ್ಲ. ಆಧಾರ್‌ನಲ್ಲಿ ಲಿಂಗದ ಕಾಲಂ ತಿದ್ದಲು ಸಾಮಾನ್ಯವಾಗಿ ಸಿಗುವುದು ಒಂದೇ ಅವಕಾಶ, ಹೆಸರು ತಿದ್ದಲು ಎರಡು. ಅದನ್ನು ಸುಮ್ಮನೆ ಕಳೆದುಕೊಳ್ಳಬೇಡಿ.

ಇನ್ನೊಂದು ಮಾತು, ಬರೀ ‘ನೂರ್’ ಎಂದು ಒಂದೇ ಪದದಲ್ಲಿ ನಿಲ್ಲಿಸಬೇಡಿ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಹೇಳಿ ನಮ್ಮ ಎಷ್ಟೋ ಮನೆಗಳಲ್ಲಿ ಗಾಬರಿ ಹುಟ್ಟಿಸಿತ್ತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ಆಮೇಲೆ ಸ್ಪಷ್ಟವಾಯಿತು. ನೂರ್ ಮುಹಮ್ಮದ್, ನೂರ್ ಫಾತಿಮಾ ಎಂದು ಇಟ್ಟರೆ ಅಥವಾ ತಂದೆಯ ಹೆಸರು ಸೇರಿಸಿದರೆ ಗುರುತೂ ಸಿಗುತ್ತದೆ, ಗಲ್ಫಿನ ದಾರಿಯೂ ಸುಲಭ. ಎಲ್ಲ ದಾಖಲೆಗಳಲ್ಲಿಯೂ ಒಂದೇ ಸ್ಪೆಲ್ಲಿಂಗ್ ಇರಲಿ.

ಕನ್ನಡದ ಒಂದು ಕಷ್ಟವೂ ಉಂಟು. ಇಲ್ಲಿ ಹೆಸರಿಗೆ ಲಿಂಗವಿಲ್ಲದಿದ್ದರೂ ಕ್ರಿಯಾಪದಕ್ಕೆ ಉಂಟು. ನೂರ್ ಬಂದನೋ, ಬಂದಳೋ ಎಂದು ಬರೆಯುವವನು ತೀರ್ಮಾನಿಸಲೇಬೇಕು. ಆದರೆ ಅದಕ್ಕೆ ಪರಿಹಾರವೂ ಕನ್ನಡದಲ್ಲೇ ಉಂಟು: ‘ಅವರು ಬಂದರು’. ಗೊತ್ತಿಲ್ಲದ ಕಡೆ ಬಹುವಚನ ಬಳಸಿದರೆ ತಪ್ಪೂ ಆಗುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ನಮ್ಮ ಶಾಲೆಯ ಟೀಚರ್‌ಗಳು, ಮದ್ರಸದ ಉಸ್ತಾದರು, ಜಮಾಅತಿನ ಕಚೇರಿಯವರು ಹೆಸರು ನೋಡಿ ಊಹಿಸುವ ಬದಲು ಒಂದು ಮಾತು ಕೇಳಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ತರಗತಿಯಲ್ಲಿ ಯಾರಾದರೂ ನಕ್ಕರೆ ಆ ಹೆಸರಿನ ಅರ್ಥವನ್ನು ಎಲ್ಲರೆದುರು ಹೇಳಿಕೊಡುವ ಕೆಲಸ ಟೀಚರ್‌ದು. ಉಳಿದ ಅರ್ಧ ನಮ್ಮ ಮನೆಯದ್ದು.

ಹೆಸರು ಆಯುವಾಗ ಅರ್ಥ ನೋಡಿ, ಉಚ್ಚಾರ ನೋಡಿ, ದಾಖಲೆಯಲ್ಲಿ ಸರಿಯಾಗಿ ಬರೆಯಿಸಿ. ಹೆಣ್ಣಿಗೂ ಇಡುತ್ತಾರೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಹೆಸರೊಂದನ್ನು ಗಂಡು ಮಗುವಿಗೆ ಬೇಡ ಎನ್ನಬೇಡಿ. ಈಗಾಗಲೇ ಅಂಥ ಹೆಸರು ಇರುವ ಹುಡುಗ ನಿಮ್ಮ ಮನೆಯಲ್ಲಿದ್ದರೆ ಅಸ್ಮಾ ಬಿನ್ ಹಾರಿಸಾ ಯಾರೆಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹೇಳಿ. ಅವನ ತಂಗಿಯೂ ಕೇಳಿಸಿಕೊಳ್ಳಲಿ.