ತಳಿಯ ಹೆಮ್ಮೆ, ತಾಯಿಯ ಪಾಡು

ಗುಳೇದಗುಡ್ಡದ ಪೇಟೆಯಲ್ಲಿ ಖಣ ಕೊಳ್ಳುವ ಹೆಣ್ಣುಮಗಳು ಬಟ್ಟೆಯನ್ನು ಮುಟ್ಟಿ ನೋಡುತ್ತಾಳೆ. ನೂಲು ಯಾವುದು, ಕೈಮಗ್ಗದ್ದೋ ಅಲ್ಲವೋ ಎಂದು ನಾಲ್ಕು ಮಾತು ಕೇಳುತ್ತಾಳೆ. ಒಂದು ಕುಪ್ಪಸದ ಬಟ್ಟೆಗೆ ಇಷ್ಟು ವಿಚಾರ! ಅದೇ ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ನಾಯಿಮರಿಯನ್ನು ತರಿಸಿಕೊಳ್ಳುವ ಪಟ್ಟಣಿಗರು ಮಾತ್ರ ಕೇಳುವುದು ಎರಡೇ ಪ್ರಶ್ನೆ: "ಶುದ್ಧ ತಳಿಯೇ? ಬೆಲೆ ಎಷ್ಟು?" ಅದನ್ನು ಈದ ನಾಯಿಯ ವಯಸ್ಸೆಷ್ಟು, ಅದಕ್ಕಿದು ಎಷ್ಟನೆಯ ಸೂಲು ಎಂದು ಕೇಳಿದವರುಂಟೆ?

ಮುಧೋಳ ನಾಯಿಯ ಕೀರ್ತಿ ಸಣ್ಣದಲ್ಲ. ಸಂಸ್ಥಾನದ ದೊರೆ ಮಾಲೋಜಿರಾವ ಘೋರ್ಪಡೆಯವರು ಅದನ್ನು ಆದರದಿಂದ ಬೆಳೆಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೂ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂತು. 2016ರಲ್ಲಿ ಸೈನ್ಯವೂ ಅದರ ಮರಿಗಳನ್ನು ತರಬೇತಿಗೆ ಕರೆದೊಯ್ದಿತು. ಸಂತೋಷ. ಆದರೆ ಈ ಕೀರ್ತಿಯನ್ನು ಗಳಿಸಿಕೊಟ್ಟದ್ದು ಹೆಸರಲ್ಲ, ಬಯಲಿನಲ್ಲಿ ಮೊಲದ ಬೆನ್ನಟ್ಟಿದ ಓಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಆ ಬೇಟೆ ಅಪರಾಧವಾಯಿತು, ಆಗಲೇಬೇಕಿತ್ತು. ಬೇಟೆಯೊಡನೆ ಓಟದ ಪರೀಕ್ಷೆಯೂ ಹೋಯಿತು. ಉಳಿದದ್ದು ಮೈಕಟ್ಟಿನ ಅಂದ ಮತ್ತು ಪೇಟೆಯ ಧಾರಣೆ.

ಅಂದವನ್ನೇ ಅಳತೆಗೋಲಾಗಿ ಹಿಡಿದರೆ ಆಗುವುದೇನು? ಇಂಗ್ಲೆಂಡಿನ ಬುಲ್‌ಡಾಗ್ ನಾಯಿಯನ್ನು ನೋಡಿರಿ. ತಲೆಮಾರಿನಿಂದ ತಲೆಮಾರಿಗೆ ಮೂತಿಯನ್ನು ಮೊಟಕುಗೊಳಿಸಿದ್ದರಿಂದ ಅದಕ್ಕೆ ಉಸಿರಾಟವೇ ಕಷ್ಟ; ಬಹುಪಾಲು ಮರಿಗಳು ಶಸ್ತ್ರಕ್ರಿಯೆಯಿಂದಲೇ ಹೊರಬರಬೇಕು. ನಮ್ಮ ನಾಯಿಗೆ ಆ ಗತಿ ಬಂದಿಲ್ಲ. ಆದರೆ ಶುದ್ಧತೆಯ ಹೆಸರಿನಲ್ಲಿ ಒಂದೇ ಸಂತಾನದವನ್ನು ಮತ್ತೆ ಮತ್ತೆ ಕೂಡಿಸಿದರೆ, ಅಡಗಿದ್ದ ದೋಷಗಳು ಮರಿಗಳಲ್ಲಿ ತಲೆಯೆತ್ತದೆ ಬಿಡವು.

"ದೇಶೀ ತಳಿ ಉಳಿಯಲು ಮಾರಾಟ ಬೇಡವೇ? ಬಡ ರೈತನಿಗೆ ನಾಲ್ಕು ಕಾಸು ಬಂದರೆ ನಿಮಗೇನು ಹೊಟ್ಟೆಯುರಿ?" ಎನ್ನುವವರಿದ್ದಾರೆ. ರೈತನ ಗಳಿಕೆಗೆ ನಮ್ಮ ತಕರಾರಿಲ್ಲ. 2017ರ ಕೇಂದ್ರ ನಿಯಮಗಳು ಬೇಡುವುದೂ ಅತಿಯಾದದ್ದೇನಲ್ಲ: 18 ತಿಂಗಳು ತುಂಬದ ಹೆಣ್ಣುನಾಯಿಯನ್ನು ಕೂಡಿಸಬಾರದು, ಜೀವಮಾನದಲ್ಲಿ 5 ಸೂಲು ಮೀರಬಾರದು, 8 ವಾರ ತುಂಬದ ಮರಿಯನ್ನು ಮಾರಬಾರದು. ಇಷ್ಟನ್ನು ಪಾಲಿಸಿದ ರೈತ ಹೆಚ್ಚು ಬೆಲೆ ಹೇಳಿದರೆ ಕೊಡಬೇಕಾದವರು ನಾವು. ಅಗ್ಗಕ್ಕೆ ಬೇಕು, ಬೇಗ ಬೇಕು ಎಂದು ಅವಸರಪಡಿಸುವವರೂ ನಾವೇ ಆಗಿ, ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವುದು ಯಾವ ನ್ಯಾಯ?

ಮರಿ ಬೇಕೆನ್ನುವವರು ಮೊದಲು ತಾಯಿಯನ್ನು ಕಣ್ಣಾರೆ ಕಾಣಲಿ. ಅದರ ಪಕ್ಕೆಯೆಲುಬು ಸಹಜವಾಗಿ ಕಂಡದ್ದೋ, ಹಸಿವು ಮತ್ತು ಸೂಲುಗಳಿಂದ ಬಸವಳಿದು ಕಂಡದ್ದೋ ಎಂದು ಪಶುವೈದ್ಯರನ್ನು ವಿಚಾರಿಸಲಿ. ಅನಂತರ ತಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಲಿ. ಓಡಲೆಂದು ಹುಟ್ಟಿದ ಪ್ರಾಣಿಯನ್ನು ಮೂರನೆಯ ಅಂತಸ್ತಿನ ಕಂಬಿಗೆ ಕಟ್ಟಿಹಾಕಿ, ಅದು ಊಳಿಟ್ಟರೆ ತಳಿಯನ್ನು ದೂರುವವರಿಗಿಂತ, ಬಯಲಿಲ್ಲವೆಂದು ಮರಿಯನ್ನೇ ತರದವರು ಆ ತಳಿಯ ನಿಜವಾದ ಹಿತೈಷಿಗಳು. ಮನಸ್ಸು ಬದಲಾದರೆ ಖಣವನ್ನು ಪೆಟ್ಟಿಗೆಯಲ್ಲಿ ಮಡಿಸಿಡಬಹುದು. ಜೀವವನ್ನು ಮಡಿಸಿಡಲು ಬರುವುದಿಲ್ಲ.