ಕ್ಲೀನ್ ಶೀಟ್ ಬ್ಯಾರೆ, ಬ್ಯಾಲೆನ್ಸ್ ಶೀಟ್ ಬ್ಯಾರೆ

ಹೊಸ ಸೀಸನ್ ಶುರುವಾಗೂದ್ರಾಗ ಒಂದ್ ಮಾತು ಹೇಳಿಬಿಡ್ತೀನಿ ದೋಸ್ತರ. ಎಲ್ಲಾರೂ "ಛೆಟ್ರಿ ಆದ್ಮ್ಯಾಲೆ ಗೋಲ್ ಹೊಡಿಯೋರ್ ಯಾರು?" ಅಂತ ಕೇಳಾಕತ್ತಾರ. ನನ್ನ ಚಿಂತಿ ಬೆಂಗಳೂರು ಎಫ್‌ಸಿ ಡಿಫೆನ್ಸಿಂದು.

2024-25ರ ಐಎಸ್‌ಎಲ್ ನೆನಪ ಮಾಡ್ಕೋರಿ. ಮೊದಲ 5 ಮ್ಯಾಚಿನಾಗ ಒಂದೂ ಗೋಲ್ ಬಿಟ್ಟುಕೊಡಲಿಲ್ಲ. ನಾವೆಲ್ಲಾ ಸ್ಟೇಟಸ್ ಹಾಕಿದ್ವಿ. ಆಮ್ಯಾಲೆ ಗೋವಾಕ್ಕ ಹೋಗಿ 3-0 ಸೋತ್ವಿ. ಏಪ್ರಿಲ್ 12, 2025ಕ್ಕ ಕೋಲ್ಕತ್ತಾದಾಗ ಫೈನಲ್. 1-0 ಮುಂದಿದ್ವಿ. 72ನೇ ನಿಮಿಷಕ್ಕ ಪೆನಾಲ್ಟಿ, 1-1. ಹೆಚ್ಚುವರಿ ಸಮಯದಾಗ ಮ್ಯಾಕ್ಲಾರೆನ್ ಹೊಡೆದ, ಕಪ್ ಮೋಹನ್ ಬಗಾನ್‌ಗೆ.

ಬಿಕಾಂ ಓದೋರಿಗೆ ಗೊತ್ತಲ್ಲ, ಓಪನಿಂಗ್ ಬ್ಯಾಲೆನ್ಸ್ ನೋಡಿ ವರ್ಷದ ಲಾಭ ಹೇಳಾಕ ಬರಂಗಿಲ್ಲ. ಮೊದಲ ತಿಂಗಳ ಕ್ಲೀನ್ ಶೀಟ್ ನೋಡಿ ಡಿಫೆನ್ಸ್ ಗಟ್ಟಿ ಅನ್ನೂದೂ ಹಂಗ.

ಆ ಸೀಸನ್‌ದಾಗ ಇದ್ದ ಭೇಕೆ, ಸನಾ, ಗುರ್‌ಪ್ರೀತ್ ಕಡಿಮಿ ಆಟಗಾರರಲ್ಲ. 2019ರ ಫೈನಲ್‌ದಾಗ 117ನೇ ನಿಮಿಷಕ್ಕ ಹೆಡರ್ ಹೊಡದು ಕಪ್ ತಂದಾಂವ ಭೇಕೆನ. ಆದ್ರ ನಮ್ಮೂರಾಗ ಕಬಡ್ಡಿ ಆಡೋರನ್ನ ಕೇಳ್ರಿ: ಕಾರ್ನರ್‌ನವ ಕಾಲ್ ಹಿಡದ್ರ ಸಾಕಾಗಂಗಿಲ್ಲ, ಕವರ್‌ನವ ಬಂದು ಬೀಳಬೇಕು. ಫುಟ್ಬಾಲ್‌ದಾಗ ಆ ಕವರ್ ಅಂದ್ರ ಮಿಡ್‌ಫೀಲ್ಡ್. ಅವ್ರು ದಣಿದು ಹಿಂದಕ್ಕ ಓಡಿ ಬರ್ಲಿಲ್ಲಂದ್ರ ಭೇಕೆ ಒಬ್ಬಾಂವ ಏನ್ ಮಾಡ್ಯಾನು?

ಅದಕ್ಕ ಈ ಸಲ ನಾ ನೋಡೂದು ಒಂದ: 70ನೇ ನಿಮಿಷ ದಾಟಿದ್ಮ್ಯಾಲೆ ಬೆಂಚಿನಿಂದ ಯಾರು ಇಳೀತಾರ? ತಾಜಾ ಕಾಲು ಇದ್ರ ಈ ಡಿಫೆನ್ಸ್ ಕಪ್ ತರ್ತೈತಿ. ಇಲ್ಲಂದ್ರ ಮೊದಲ ತಿಂಗಳದಾಗ ಸ್ಟೇಟಸ್ ಹಾಕಬ್ಯಾಡ್ರಿ, ಕಡೀಕ ನೀವ ಡಿಲೀಟ್ ಮಾಡ್ಬೇಕಾಗ್ತೈತಿ.